ಗಾಜಿನ ಮನೆಯ ಗೃಹಸ್ಥರು

ಹಲಸಿನ ಸಸಿಯನ್ನು ನೆಡುವವನು ಅದರ ಎರಡೆಲೆಗಳನ್ನು ನೋಡಿ ಸ್ಥಳವನ್ನು ನಿಶ್ಚಯಿಸುವುದಿಲ್ಲ. ಮುಂದೆ ಅದರ ಬೇರು ಎಷ್ಟು ದೂರ ಹರಿದೀತು, ಕೊಂಬೆ ಯಾವ ಮಾಡಿನ ಮೇಲೆ ಚಾಚೀತು ಎಂದು ಯೋಚಿಸಿ, ಗೋಡೆಯಿಂದ ಇಪ್ಪತ್ತು ಹೆಜ್ಜೆ ಆಚೆಗೆ ಗುಂಡಿಯನ್ನು ತೋಡುತ್ತಾನೆ. ಕರುವನ್ನು ಕೊಳ್ಳುವವನು ಅದರ ತಾಯಿಯನ್ನು ತೋರಿಸೆನ್ನುತ್ತಾನೆ. ಇಷ್ಟು ವಿವೇಕವುಳ್ಳ ಜನರೇ ಮೀನಿನಂಗಡಿಯ ದೀಪದ ಮುಂದೆ ನಿಂತಾಗ ಆ ವಿವೇಕವನ್ನು ಚಪ್ಪಲಿಗಳೊಡನೆ ಹೊಸ್ತಿಲಿನ ಹೊರಗೆ ಬಿಟ್ಟು ಬರುವುದುಂಟು. ಅಲ್ಲಿ ಕಣ್ಣಿಗೆ ಬೀಳುವುದು ಬಣ್ಣ. ಕೈಗೆ ಬರುವುದು ನೀರು ತುಂಬಿದ ಒಂದು ಚೀಲ. ಆ ಚೀಲದೊಳಗೆ ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಜೀವ. ಅದು ಬೆಳೆದು ಏನಾದೀತೆಂದು ಕೇಳುವವರು ವಿರಳ. ಕೇಳದಿದ್ದರೂ ಹೇಳುವ ವ್ಯಾಪಾರಿಗಳು ಇನ್ನೂ ವಿರಳ.

ದಕ್ಷಿಣ ಕನ್ನಡದ ಒಂದು ಊರಿನಲ್ಲಿ, ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಒಬ್ಬ ಗೃಹಸ್ಥರ ಮನೆಯಲ್ಲಿಯೂ ಹೀಗೆಯೇ ಆಯಿತು. ಹತ್ತು ವರ್ಷದ ಮೊಮ್ಮಗಳ ಹುಟ್ಟಿದ ಹಬ್ಬಕ್ಕೆಂದು ಅವರು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಯೊಂದನ್ನು ತಂದು ಜಗಲಿಯಲ್ಲಿಟ್ಟರು. ಅದೇ ಸಂಜೆ ನೀರು ತುಂಬಿದ್ದಾಯಿತು. ಅದೇ ಸಂಜೆ ಮೀನುಗಳೂ ಬಂದುವು. ಆಸ್ಕರ್ ಎಂಬ ಜಾತಿಯ ಎರಡು ಮರಿಗಳು. ಕಪ್ಪು ಮೈಯ ಮೇಲೆ ಕೆಂಡದ ಗೆರೆಗಳನ್ನು ಎಳೆದಂತಿದ್ದು, ಒಂದೂವರೆ ಅಂಗುಲ ಮೀರದವು. ಮೂರು ದಿನಗಳೊಳಗಾಗಿ ಅವು ಮೊಮ್ಮಗಳ ಗುರುತು ಹಿಡಿದುವು. ಅವಳು ಶಾಲೆಯಿಂದ ಬಂದು ಚೀಲವನ್ನು ಕೆಳಗಿಡುವುದೇ ತಡ, ಎರಡೂ ಗಾಜಿಗೆ ಮೂತಿಯೊತ್ತಿ ಬಾಲವನ್ನಾಡಿಸುತ್ತಿದ್ದುವು. ನಾಯಿಮರಿಗೂ ಇವಕ್ಕೂ ಭೇದವೇನೆಂದು ಮನೆಯವರೆಲ್ಲ ಸಂತೋಷಪಟ್ಟರು.

ಭೇದವು ಮೂರು ತಿಂಗಳೊಳಗೆ ತಿಳಿಯಿತು. ಆಸ್ಕರ್ ಅಮೆಜಾನ್ ನದಿಯ ಮೀನು. ಚೆನ್ನಾಗಿ ಬೆಳೆದರೆ ಒಂದು ಅಡಿಯಷ್ಟಾಗುತ್ತದೆ, ಅದೂ ಒಂದೆರಡು ವರ್ಷಗಳಲ್ಲಿಯೇ. ತೊಟ್ಟಿಯ ಅಗಲವೇ ಒಂದು ಅಡಿ. ತಿನ್ನುವುದಕ್ಕೆ ತಕ್ಕಂತೆ ಅವು ಹೊಲಸು ಮಾಡುತ್ತಿದ್ದುವು. ನೀರು ವಾರಕ್ಕೆರಡು ಸಲ ಬದಲಾಯಿಸಿದರೂ ಮಬ್ಬಾಗಿಯೇ ಇರುತ್ತಿತ್ತು. ಅಂಗೈಯಷ್ಟಾದ ಮೇಲೆ ಒಂದನ್ನು ಕಂಡರೆ ಇನ್ನೊಂದಕ್ಕಾಗದು. ಒಂದು ಬೆಳಿಗ್ಗೆ, ಅವುಗಳಲ್ಲಿ ಚಿಕ್ಕದು, ರೆಕ್ಕೆಗಳು ಹರಿದು, ಮೂಲೆಯಲ್ಲಿ ಅಡ್ಡಲಾಗಿ ತೇಲುತ್ತಿತ್ತು. ಮೊಮ್ಮಗಳು ಅಳಲಿಲ್ಲ. "ಇದು ಯಾರ ತಪ್ಪು, ಅಜ್ಜ?" ಎಂದಷ್ಟೇ ಕೇಳಿದಳು. ನಲವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ಬಂದವರಿಗೆ ಆ ದಿನ ಉತ್ತರ ತೋಚಲಿಲ್ಲ.

ಉಳಿದ ಒಂದರ ಗತಿಯೇನು? ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲೊಲ್ಲೆನೆಂದನು. "ದೇವಸ್ಥಾನದ ಕೆರೆಗೆ ಬಿಟ್ಟುಬಿಡಿ, ಜೀವ ಉಳಿಸಿದ ಪುಣ್ಯ ಬರುತ್ತದೆ," ಎಂದು ನೆರೆಯವರು ಸದುದ್ದೇಶದಿಂದಲೇ ಹೇಳಿದರು. ಮಾತು ಕೇಳುವುದಕ್ಕೆ ಇಂಪಾಗಿತ್ತು. ಆದರೆ ಗೃಹಸ್ಥರು ಒಪ್ಪಲಿಲ್ಲ. ಆಫ್ರಿಕದ ತಿಲಾಪಿಯಾ ಮೀನನ್ನು ೧೯೫೨ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದರೆಂಬುದೂ, ಅದು ದಕ್ಷಿಣದ ಕೆರೆ-ಕಟ್ಟೆಗಳಲ್ಲೆಲ್ಲ ಹರಡಿ ಇಲ್ಲಿಯ ಮೀನುಗಳ ಆಹಾರಕ್ಕೂ ನೆಲೆಗೂ ಪ್ರತಿಸ್ಪರ್ಧಿಯಾಯಿತೆಂಬುದೂ ಅವರಿಗೆ ತಿಳಿದಿತ್ತು. ಒಂದು ಜೀವವನ್ನು ಉಳಿಸುವ ಪುಣ್ಯಕ್ಕಾಗಿ ಇಡೀ ಕೆರೆಯ ಪಾಪವನ್ನು ಹೊರುವುದು ಯಾವ ಲೆಕ್ಕದ ಲಾಭ? ಎರಡು ವಾರ ಹುಡುಕಿದ ಮೇಲೆ, ಐದು ಅಡಿಯ ದೊಡ್ಡ ತೊಟ್ಟಿಯುಳ್ಳ ಪರಿಚಿತರೊಬ್ಬರು ದೊರೆತರು. ಮೀನು ಬಕೆಟ್ಟಿನಲ್ಲಿ ಕುಳಿತು ಬಸ್ಸಿನಲ್ಲಿ ಪ್ರಯಾಣಮಾಡಿತು. ಜಗಲಿಯ ತೊಟ್ಟಿ ಬರಿದಾಯಿತು.

ಬರಿದಾದ ತೊಟ್ಟಿಯೇ ಅವರಿಗೆ ಗುರುವಾಯಿತೆನ್ನಬಹುದು. ತಾತನೂ ಮೊಮ್ಮಗಳೂ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದು, ಮೊದಲ ಹಾಳೆಯಲ್ಲಿ ‘ಸಿಕ್ಲಿಡ್’ ಎಂದು ಬರೆದರು. ಆಸ್ಕರ್ ಸೇರಿದ ಕುಲದ ಹೆಸರು ಅದು. ವಿದ್ವಾಂಸರು ಈ ಕುಲದಲ್ಲಿ ೧,೭೦೦ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ದಕ್ಷಿಣ ಮತ್ತು ಮಧ್ಯ ಅಮೆರಿಕದ ನದಿಗಳು, ಆಫ್ರಿಕದ ನದಿಗಳು ಮತ್ತು ಮಹಾಸರೋವರಗಳು, ಮಡಗಾಸ್ಕರ್ ದ್ವೀಪ, ದಕ್ಷಿಣ ಭಾರತ, ಸಿಂಹಳ – ಇವು ಅವುಗಳ ಮುಖ್ಯವಾದ ತವರುಗಳು. ಬಾಯಿಯ ದವಡೆಗಳಲ್ಲದೆ ಗಂಟಲಿನಲ್ಲಿ ಮತ್ತೊಂದು ಜೊತೆ ದವಡೆಗಳುಂಟು. ಮುಂದಿನವು ಹಿಡಿಯುತ್ತವೆ, ಹಿಂದಿನವು ಅರೆಯುತ್ತವೆ. ಆದರೆ ಈ ಕುಲದ ನಿಜವಾದ ವೈಶಿಷ್ಟ್ಯವು ದವಡೆಯಲ್ಲಿಲ್ಲ, ಸಂಸಾರದಲ್ಲಿದೆ. ಬಹುಮಂದಿ ಮೀನುಗಳು ಮೊಟ್ಟೆಯನ್ನು ನೀರಿಗೆ ಚೆಲ್ಲಿ ತಮ್ಮ ದಾರಿಯನ್ನು ಹಿಡಿಯುತ್ತವೆ. ಸಿಕ್ಲಿಡ್ ಹಾಗಲ್ಲ. ಅದು ಜಾಗವನ್ನು ಆರಿಸುತ್ತದೆ, ಗುಡಿಸುತ್ತದೆ, ಮೊಟ್ಟೆಗೆ ಗಾಳಿ ಬೀಸುತ್ತದೆ, ಒಡೆದ ಮರಿಗಳನ್ನು ಹಿಂಡುಗಟ್ಟಿ ಮೇಯಿಸುತ್ತದೆ. ಕೆಲವು ಜಾತಿಗಳಲ್ಲಿ ತಾಯಿಯು ಮರಿಗಳನ್ನು ಬಾಯಲ್ಲಿಟ್ಟು ಕಾಯುತ್ತಾಳೆ. ಡಿಸ್ಕಸ್ ಎಂಬ ಮೀನಿನ ಮರಿಗಳು ತಾಯಿತಂದೆಗಳ ಮೈಯಿಂದ ಒಸರುವ ಲೋಳೆಯನ್ನು ಹಾಲಿನಂತೆ ಉಣ್ಣುತ್ತವೆ.

ಆದರೆ ಸಂಸಾರಿಗೆ ಬೇಲಿ ಬೇಕು. ಮಕ್ಕಳನ್ನು ಕಾಯುವವನಿಗೆ ಶತ್ರುವಿನ ಭಯವಿರುತ್ತದೆ. ಆ ಭಯವು ಮಕ್ಕಳು ಹುಟ್ಟುವ ಮೊದಲೇ ಎದ್ದು ನಿಲ್ಲುತ್ತದೆ. ಸಿಕ್ಲಿಡ್‌ಗಳು ಜಗಳಗಂಟಿಗಳೆಂದು ಜನರು ದೂರುವುದಕ್ಕೂ ಅವು ವಾತ್ಸಲ್ಯಮಯಿಗಳೆಂದು ಹೊಗಳುವುದಕ್ಕೂ ಕಾರಣ ಒಂದೇ. ಒಂದನ್ನು ಬಿಟ್ಟು ಇನ್ನೊಂದನ್ನು ಕೊಂಡುತರಲಾಗದು. ಗೃಹಸ್ಥರು ಪುಸ್ತಕದ ಎರಡನೆಯ ಹಾಳೆಯಲ್ಲಿ ದಪ್ಪಕ್ಷರದಿಂದ ಬರೆದದ್ದು ಇಷ್ಟೇ: ಮೀನಿನ ಅಳತೆಯೆಂದರೆ ಅದರ ಮೈಯ ಉದ್ದವಲ್ಲ, ಅದು ತನ್ನದೆಂದು ಹೇಳುವ ನೆಲದ ಉದ್ದ.

ಈ ಸೂತ್ರವನ್ನು ಹಿಡಿದು ತೊಟ್ಟಿಯನ್ನು ಅಳೆದರು. ಎರಡು ಘನ ಅಡಿಯೆಂದರೆ ಸುಮಾರು ೫೬ ಲೀಟರು. ಮರಳು, ಕಲ್ಲು, ಮೇಲಿನ ಖಾಲಿ ಅಂಚುಗಳನ್ನು ಕಳೆದರೆ ೫೦ಕ್ಕೂ ಕಡಮೆ. ಆಸ್ಕರಿನ ಜೋಡಿಗೆ ಇದರ ಏಳೆಂಟು ಪಟ್ಟು ನೀರು ಸಾಲದು. ಅದೃಷ್ಟ ತರುತ್ತದೆಂದು ಜನರು ಹೆಚ್ಚು ಬೆಲೆ ತೆತ್ತು ಕೊಳ್ಳುವ ಫ್ಲವರ್‌ಹಾರ್ನ್ ಎಂಬ ಬುಗುಟುತಲೆಯ ಮೀನು ಮನುಷ್ಯರು ಬೆರಕೆಮಾಡಿ ಪಡೆದದ್ದು. ಅದೂ ಅಡಿಯಷ್ಟು ಬೆಳೆದು ಒಂಟಿಯಾಗಿಯೇ ಇರಬಯಸುತ್ತದೆ. ಏಂಜಲ್ ಮೀನು ಸಾಧುವಾಗಿ ಕಾಣುತ್ತದೆ; ಆದರೆ ಅದರ ಬೆಳವಣಿಗೆ ಅಡ್ಡಕ್ಕಿಂತ ಎತ್ತರಕ್ಕೆ ಹೆಚ್ಚು. ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನದರ ತುದಿಯವರೆಗೆ ಎಂಟು ಅಂಗುಲವಾಗಬಲ್ಲ ಮೀನಿಗೆ ಹನ್ನೆರಡು ಅಂಗುಲದ ನೀರು ಮಾಡು ತಲೆಗೆ ತಾಗುವ ಗುಡಿಸಲು. ಮೂರಕ್ಕೂ ಅಡ್ಡಗೆರೆ ಬಿತ್ತು.

ಆಗ ಗೃಹಸ್ಥರ ಮನಸ್ಸು ಸ್ವದೇಶದ ಕಡೆಗೆ ತಿರುಗಿತು. ಭಾರತಕ್ಕೆ ಸಹಜವಾದ ಸಿಕ್ಲಿಡ್‌ಗಳು ಮೂರೇ ಮೂರು. ಕೇರಳದವರು ಕರಿಮೀನೆಂದು ಕರೆದು ೨೦೧೦ರಲ್ಲಿ ತಮ್ಮ ರಾಜ್ಯದ ಮೀನೆಂದು ಘೋಷಿಸಿದ್ದು ಒಂದು. ಕಿತ್ತಳೆಯ ಮೈಮೇಲೆ ಕಪ್ಪು ಬೊಟ್ಟಿಟ್ಟ ಮೂರಂಗುಲದ ಚಿಕ್ಕ ಮೀನು ಎರಡನೆಯದು. ಮೂರನೆಯದು ತಮ್ಮ ಜಿಲ್ಲೆಯದೇ! ಸೇನೆಯ ವೈದ್ಯರಾಗಿ ಬಂದು ಭಾರತದ ಮೀನುಗಳ ಮೇಲೆ ಮಹಾಗ್ರಂಥವನ್ನು ಬರೆದ ಫ್ರಾನ್ಸಿಸ್ ಡೇ ಎಂಬವರು ೧೮೭೭ರಲ್ಲಿ ಇದನ್ನು ವರ್ಣಿಸಿ, ಕೆನರಾದ ಹೆಸರನ್ನೇ ಅದಕ್ಕಿಟ್ಟರು. ನೆರೆಹೊರೆಯ ನದಿಯ ಈ ಮೀನನ್ನು ಜಗಲಿಯಲ್ಲಿ ಕಾಣುವ ಆಸೆ ಯಾರಿಗಿರದು? ಆದರೆ ಸೂತ್ರವು ಸ್ವದೇಶ ವಿದೇಶಗಳನ್ನು ನೋಡುವುದಿಲ್ಲ. ಕರಿಮೀನು ಆಸ್ಕರಿನಷ್ಟೇ ಬೆಳೆಯಬಲ್ಲದು. ಕೆನರಾದ ಮೀನು ಹರಿಯುವ ತಿಳಿನೀರಿನಲ್ಲಿ ಸಂಗಡಿಗರೊಡನೆ ಇರುವಂಥದು. ತನ್ನ ನದಿಗಳ ಹೊರಗೆ ಎಲ್ಲಿಯೂ ಸಹಜವಾಗಿ ಇಲ್ಲದ ಜೀವವನ್ನು ಹೊಸಬನ ತೊಟ್ಟಿಗಾಗಿ ಬಲೆಹಾಕಿ ಹಿಡಿಯುವುದು ಸ್ವದೇಶಾಭಿಮಾನವಾಗದು. ಕಿತ್ತಳೆಯ ಮೀನೊಂದೇ ಅಳತೆಗೆ ಸಮೀಪವಾಗಿತ್ತು. ಆದರೆ ಅದೂ ಹಿಂಡಿನಲ್ಲಿ ಸುಖವಾಗಿರುವ ಮೀನು; ನದಿಯು ಸಮುದ್ರವನ್ನು ಕೂಡುವೆಡೆಯ ಉಪ್ಪು ಬೆರೆತ ನೀರೆಂದರೆ ಅದಕ್ಕೆ ಪ್ರೀತಿ. ಮುಂದೆ ಮೂರಡಿಯ ತೊಟ್ಟಿ ಬಂದರೆ ನೋಡೋಣವೆಂದು ಅದರ ಹೆಸರಿನ ಪಕ್ಕದಲ್ಲಿ ಒಂದು ಚುಕ್ಕೆಯನ್ನಿಟ್ಟರು.

ನೆಲದ ಅಳತೆಯಾದ ಮೇಲೆ ನೀರಿನ ಪರೀಕ್ಷೆ. ಇದನ್ನು ಮೊದಲೇ ಮಾಡಬೇಕಾಗಿತ್ತು. ಆಮ್ಲ-ಕ್ಷಾರಗಳ ಮಾನದಂಡದಲ್ಲಿ ೭ ಎಂಬುದು ಸಮಸ್ಥಿತಿ. ಅದಕ್ಕಿಂತ ಕಡಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಮನೆಯ ಬಾವಿಯ ನೀರು ೬.೪ ತೋರಿಸಿತು, ಗಡಸುತನ ಇಲ್ಲವೆಂಬಷ್ಟು ಕಡಮೆ. ಮುರಕಲ್ಲಿನಲ್ಲಿ ಬಸಿದು ಬರುವ ಕರಾವಳಿಯ ಮಳೆನೀರಿನ ಗುಣವೇ ಅಂಥದು. ಕೋಲಾರದ ಕಡೆ ಉದ್ಯೋಗದಲ್ಲಿದ್ದ ಗೃಹಸ್ಥರ ಕಿರಿಯ ಮಗನ ಮನೆಯ ಕೊಳವೆಬಾವಿಯ ನೀರು ಇದಕ್ಕೆ ತೀರ ವಿರೋಧ: ೮ಕ್ಕೆ ಮೇಲಿನ ಕ್ಷಾರ, ಪಾತ್ರೆಯ ತಳದಲ್ಲಿ ಸುಣ್ಣ ಹೆಪ್ಪುಗಟ್ಟುವಷ್ಟು ಗಡಸು. ಒಂದೇ ರಾಜ್ಯದ ಎರಡು ಮನೆಗಳು. ಆದರೆ ಮೀನಿನ ಮಟ್ಟಿಗೆ ಎರಡು ಖಂಡಗಳು.

ಆಫ್ರಿಕದ ಟ್ಯಾಂಗನಿಕಾ ಸರೋವರದಲ್ಲಿ ಎರಡು ಅಂಗುಲವನ್ನೂ ಮುಟ್ಟದ ಒಂದು ಸಿಕ್ಲಿಡ್ ಉಂಟು. ಸರೋವರದ ತಳದಲ್ಲಿ ಹಾಸಿದಂತೆ ಬಿದ್ದಿರುವ ಸತ್ತ ಬಸವನಹುಳುಗಳ ಬರಿಯ ಚಿಪ್ಪುಗಳೇ ಅದರ ಮನೆಗಳು. ಬಾಯಿಂದ ಮರಳನ್ನು ಹೊತ್ತು ಅಂಗಳವನ್ನು ಸರಿಪಡಿಸುತ್ತದೆ. ಭಯವಾದಾಗ ಚಿಪ್ಪಿನೊಳಗೆ ಹೊಕ್ಕು ಮಾಯವಾಗುತ್ತದೆ. ಮೂರು ತಲೆಮಾರುಗಳು ಒಂದೇ ಓಣಿಯಲ್ಲಿ ಬಾಳುತ್ತವೆ. ಅದರ ನೆಲವೆಂದರೆ ಒಂದು ಗೇಣು. ಎರಡಡಿಯ ತೊಟ್ಟಿಯಲ್ಲಿ ಒಂದು ಅಗ್ರಹಾರವೇ ಆದೀತು! ಮೊಮ್ಮಗಳಿಗೆ ಇದೇ ಬೇಕಾಯಿತು. ಆದರೆ ಆ ಸರೋವರದ ನೀರು ಗಡಸು, ಕ್ಷಾರ. ಬಾವಿಯ ನೀರಿಗೆ ಪ್ರತಿವಾರವೂ ಲವಣಗಳನ್ನು ಅಳೆದು ಬೆರೆಸಿ ಟ್ಯಾಂಗನಿಕಾ ಮಾಡಬಹುದು, ನಿಜ. ಒಂದು ವಾರ ತಪ್ಪಿದರೆ ತಪ್ಪಿನ ಫಲವನ್ನು ಅನುಭವಿಸತಕ್ಕದ್ದು ಮೀನು. ಆ ಜಾತಿಯ ಹೆಸರನ್ನು ಕೋಲಾರದ ಚಿಕ್ಕಪ್ಪನಿಗೆ ಬರೆದು ಕಳುಹಿಸಿದರು. ಹೊಸಬನು ತನ್ನ ನಲ್ಲಿಯಲ್ಲಿ ಬರುವ ನೀರಿಗೆ ಒಗ್ಗುವ ಮೀನನ್ನು ಹುಡುಕಬೇಕೇ ಹೊರತು, ಮೀನಿಗೆ ಒಗ್ಗುವ ನೀರನ್ನು ಕಾಯಿಸಲು ಕೂರಬಾರದು.

ಕೊನೆಯಲ್ಲಿ ಎರಡು ಹೆಸರುಗಳು ಉಳಿದುವು. ಒಂದು ‘ರಾಮ್’. ಈ ಹೆಸರನ್ನು ಕೇಳಿದೊಡನೆ ಮನೆಯ ಹಿರಿಯ ಅತ್ತೆಯವರು, "ಅದನ್ನೇ ತನ್ನಿ, ದಿನಕ್ಕೆ ನಾಲ್ಕು ಸಲ ನಾಮಸ್ಮರಣೆಯಾದೀತು," ಎಂದರು. ಹೆಸರು ಬಂದದ್ದು ರಮಿರೆಸ್ ಎಂಬ ಸಂಗ್ರಾಹಕನಿಂದ ಎಂದು ತಿಳಿದ ಮೇಲೂ ಅವರ ಪಕ್ಷಪಾತ ಕುಗ್ಗಲಿಲ್ಲ. ೧೯೪೮ರಲ್ಲಿ ವಿದ್ವಾಂಸರು ವರ್ಣಿಸಿದ ಈ ಮೀನು ಓರಿನೋಕೋ ನದಿಯ ಬಯಲಿನದು, ಎರಡೇ ಅಂಗುಲ, ನೀಲಿ, ಹಳದಿ, ಕಪ್ಪುಗಳನ್ನು ಒಟ್ಟಿಗೆ ಉಟ್ಟ ಚೆಲುವೆ. ಮೆದುನೀರು ಬೇಕು, ಅದು ಬಾವಿಯಲ್ಲಿದೆ. ೨೭ರಿಂದ ೩೦ ಡಿಗ್ರಿಯ ಬಿಸುಪು ಬೇಕು. ಅದನ್ನು ಕರಾವಳಿಯ ಹವೆ ವೆಚ್ಚವಿಲ್ಲದೆ ಒದಗಿಸುತ್ತದೆ. ಇಷ್ಟೆಲ್ಲ ಹೊಂದಿದರೂ ಒಂದು ತೊಡಕು. ರಾಮ್ ಅಳತೆಯಲ್ಲಿ ಚಿಕ್ಕದು, ಸಹನೆಯಲ್ಲಿಯೂ ಚಿಕ್ಕದು. ಹೊಸ ತೊಟ್ಟಿಯ ನೀರು ತುಸು ಕೆಟ್ಟರೂ ಮೊದಲು ಮಲಗುವುದು ಅದೇ. ಸಾಕಣೆ ಕೇಂದ್ರಗಳಿಂದ ದುರ್ಬಲವಾಗಿಯೇ ಅಂಗಡಿಗೆ ಬಂದಿರುವುದೂ ಉಂಟು. ಹಳಗಿದ ಕೈಗೂ ಹಳಗಿದ ತೊಟ್ಟಿಗೂ ತಕ್ಕ ಮೀನದು.

ಇನ್ನೊಂದು ಕ್ರಿಬೆನ್ಸಿಸ್, ನೈಜೀರಿಯ, ಕ್ಯಾಮರೂನ್ ದೇಶಗಳ ನದಿಗಳದು. ಗಂಡು ನಾಲ್ಕು ಅಂಗುಲ, ಹೆಣ್ಣು ಮೂರು. ಅಂಗಡಿಯಲ್ಲಿ ಬೆದರಿ ಬಿಳುಚಿಕೊಂಡು ನಿಂತಿರುವುದರಿಂದ ಯಾರೂ ಅದನ್ನು ಎರಡನೆಯ ಸಲ ನೋಡುವುದಿಲ್ಲ. ಆದರೆ ತುಸು ಆಮ್ಲವಾಗಲಿ ತುಸು ಕ್ಷಾರವಾಗಲಿ ಸಹಿಸಿಕೊಳ್ಳುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ, ಒಂದು ಗವಿ, ಅದರ ಮುಂದೆ ಒಂದಿಷ್ಟು ಅಂಗಳ, ಇಷ್ಟಿದ್ದರೆ ಅದರ ಸಾಮ್ರಾಜ್ಯ ಪೂರ್ಣ. ಎರಡಡಿಯ ತೊಟ್ಟಿಯಲ್ಲಿ ಒಂದೇ ಒಂದು ಜೋಡಿಗೆ ಸರಿಯಾಗಿ ಸ್ಥಳವುಂಟು, ಎರಡನೆಯ ಜೋಡಿಗಿಲ್ಲ. ಬಣ್ಣವನ್ನು ಕೇಳಿದರೆ ರಾಮ್. ಮನೆಯನ್ನು ಕೇಳಿದರೆ ಕ್ರಿಬೆನ್ಸಿಸ್. ಈ ಸಲ ಅವರು ಮನೆಯನ್ನು ಕೇಳಿದರು.

ನಿಶ್ಚಯವಾದ ಮೇಲೆಯೂ ಐದು ವಾರ ಕಾದರು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ, ಅದು ವಿಷ. ನೀರಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಬೇರೆ ಕೆಲವು ಸೂಕ್ಷ್ಮಜೀವಿಗಳು ಆ ನೈಟ್ರೈಟನ್ನು ಹೆಚ್ಚು ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕಾಣದ ಪರಿಚಾರಕರು ಶೋಧಕದ ಸ್ಪಂಜಿನಲ್ಲಿ ಮನೆಮಾಡಿಕೊಳ್ಳಲು ನಾಲ್ಕಾರು ವಾರಗಳು ಬೇಕು. ಮೀನಿಲ್ಲದ ನೀರಿಗೆ ದಿನವೂ ಚಿಟಿಕೆ ಆಹಾರವನ್ನು ಹಾಕಿ, ಅಳತೆ ನೋಡಿ ಬರೆಯುವುದು ಮೊಮ್ಮಗಳ ಕೆಲಸವಾಯಿತು. ಆಸ್ಕರ್‌ಗಳು ಬಂದದ್ದು ಈ ಪರಿಚಾರಕರು ಒಬ್ಬರೂ ಇಲ್ಲದ ಮನೆಗೆ ಎಂಬುದು ಆಗ ಅವಳಿಗೆ ತಿಳಿಯಿತು. ಅಮೋನಿಯವೂ ನೈಟ್ರೈಟೂ ಸೊನ್ನೆಗೆ ಇಳಿದ ದಿನ ಅವಳು ಪುಸ್ತಕವನ್ನು ಮುಚ್ಚಿ, ತನ್ನ ಮೊದಲಿನ ಪ್ರಶ್ನೆಗೆ ತಾನೇ ಉತ್ತರ ಹೇಳಿದಳು: "ಮೀನಿನ ತಪ್ಪಲ್ಲ, ಅಜ್ಜ."

ಒಂದು ತೆಂಗಿನ ಗೆರಟೆಯನ್ನು ಬೋರಲಾಗಿಟ್ಟು, ಅಂಚಿನಲ್ಲಿ ಒಂದು ಬಾಗಿಲು ಕೊರೆದರು. ಜೋಡಿಯು ಬಂತು. ಮೇಲುನೀರಿನಲ್ಲಿ ಓಡಾಡಲು ಆರು ಜೀಬ್ರಾ ಮೀನುಗಳೂ, ತಳದಲ್ಲಿ ಕೆದಕಲು ಎರಡು ಪುಟ್ಟ ಕೋರಿಡೋರಾಸ್‌ಗಳೂ ಬಂದುವು. ಎರಡು ತಿಂಗಳಾದ ಮೇಲೆ ಹೆಣ್ಣಿನ ಹೊಟ್ಟೆ ಮಾಗಿದ ನೇರಿಳೆಯ ಕೆಂಪಿಗೆ ತಿರುಗಿತು. ಈ ಜಾತಿಯಲ್ಲಿ ಒಲಿಸುವವಳು ಅವಳೇ. ಮೈಯನ್ನು ಬಿಲ್ಲಿನಂತೆ ಬಾಗಿಸಿ ಗಂಡಿನ ಮುಂದೆ ನಡುಗುತ್ತ ನಿಂತಳು. ಮರುದಿನ ಗೆರಟೆಯೊಳಗೆ ಹೋದವಳು ಹೊರಗೆ ಬರಲಿಲ್ಲ. ಗಂಡು ಬಾಗಿಲಲ್ಲಿ ನಿಂತಿತು. ಅಂದಿನಿಂದ ತಳದ ಮೀನುಗಳೆರಡಕ್ಕೂ ಶೋಧಕದ ಹಿಂದಿನ ಮೂಲೆಯಲ್ಲದೆ ಬೇರೆ ಗತಿಯಿರಲಿಲ್ಲ. ಸೂತ್ರವನ್ನು ಬರೆದವರೇ ಅದನ್ನು ಪೂರ್ತಿಯಾಗಿ ಓದಿರಲಿಲ್ಲ: ಮೇಲುನೀರು ಪರರದಾಗಿರಬಹುದು, ಆದರೆ ತಳವೆಲ್ಲ ಸಂಸಾರಿಯದು. ಗೃಹಸ್ಥರು ಆ ಎರಡನ್ನೂ ಸಂಜೆಯೊಳಗೆ ಎತ್ತಿ ಬೇರೆ ಪಾತ್ರೆಗೆ ಬಿಟ್ಟು, ನಾಲ್ಕು ದಿನಗಳಲ್ಲಿ ಬೇರೆ ಮನೆಯನ್ನು ಹುಡುಕಿಕೊಟ್ಟರು. ಈ ಸಲ ತಪ್ಪು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ, ಗೆರಟೆಯ ಬಾಗಿಲಿನಿಂದ ಹೊಗೆಯಂತೆ ಏನೋ ಹೊರಟಿತು. ಹೊಗೆಗೆ ಕಣ್ಣುಗಳಿದ್ದುವು. ಎಳ್ಳಿನಷ್ಟು ಮರಿಗಳು ಮರಳಿಗೆ ತಾಗಿ ತೇಲುತ್ತಿದ್ದುವು. ತಾಯಿ ಮುಂದೆ, ತಂದೆ ಪಕ್ಕದಲ್ಲಿ. ಹೆಣ್ಣು ತಟ್ಟನೆ ಮೈಯನ್ನು ಒಮ್ಮೆ ಅದುರಿಸಿದರೆ ಮರಿಗಳೆಲ್ಲ ನೆಲಕ್ಕೆ ಬಿದ್ದು ಸ್ತಬ್ಧವಾಗುತ್ತಿದ್ದುವು. ಮೊಮ್ಮಗಳು ಗಾಜಿನ ಮೇಲೆ ಬೆರಳಿಟ್ಟಳು. ನಾಲ್ಕು ಅಂಗುಲದ ಗಂಡು ಆ ಬೆರಳಿನ ಮೇಲೆ ಏರಿಬಂತು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಹಿರಿಯರ ಮನೆಯ ಜಗಲಿಯಲ್ಲಿ ಕೂರುವಂತೆ, ಎರಡು ಅಡಿ ದೂರದಲ್ಲಿ ನೆಲದ ಮೇಲೆ ಕುಳಿತಳು.

ನಾಲ್ಕು ತಿಂಗಳಾದ ಮೇಲೆ ಮೂವತ್ತೊಂದು ಮರಿಗಳು ಉಳಿದಿದ್ದುವು. ಆಮ್ಲದ ಕಡೆಗೆ ವಾಲಿದ ನೀರಿನಲ್ಲಿ ಈ ಜಾತಿಯ ಮರಿಗಳಲ್ಲಿ ಗಂಡು ಹೆಚ್ಚಾಗುವುದುಂಟು; ಬಾವಿಯ ನೀರು ಅದನ್ನೇ ಮಾಡಿತ್ತು. ಮರಿಗಳು ಬೇಕೆಂದು ಊರಿನಲ್ಲಿ ಹಲವರು ಬಂದರು. ತಾತನು ಜಗಲಿಯಲ್ಲಿ ಪತ್ರಿಕೆಯನ್ನೋದುತ್ತ ಸುಮ್ಮನಿದ್ದರು, ವಿಚಾರಣೆ ಮೊಮ್ಮಗಳದು. ಅವಳು ಬೆಲೆಯನ್ನು ಹೇಳುತ್ತಿರಲಿಲ್ಲ. ಲೆಕ್ಕದ ಪುಸ್ತಕವನ್ನು ತೆರೆದುಕೊಂಡು ಬಂದವರನ್ನು ಕೇಳುತ್ತಿದ್ದುದು ಎರಡೇ ಪ್ರಶ್ನೆಗಳು: ತೊಟ್ಟಿಯ ಉದ್ದ ಎಷ್ಟು? ನೀರು ತುಂಬಿ ಎಷ್ಟು ವಾರವಾಯಿತು? ಅಂದೇ ಸಂಜೆ ತೊಟ್ಟಿಯನ್ನು ಕೊಳ್ಳಲಿದ್ದೇವೆಂದವರಿಗೆ ಅವಳು ಒಂದು ಲೋಟ ಮಜ್ಜಿಗೆಯನ್ನು ತಂದುಕೊಟ್ಟು, ಐದು ವಾರ ಕಳೆದು ಬನ್ನಿರೆಂದು ಹೇಳಿ ಕಳುಹಿಸುತ್ತಿದ್ದಳು.